ಒಂದು ಚೂರೂ ಬೇಡ, ಅಮ್ಮ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವು ಚೆನ್ನಾಗಿದ್ದೇವೆ. ಪುಟ್ಟಿಯ ಕಡಲೆಕಾಯಿ ಅಲರ್ಜಿಯ ವಿಷಯಕ್ಕೆ ಮೊನ್ನೆ ಫೋನಿನಲ್ಲಿ ನೀನು ಅಂದೆಯಲ್ಲ, "ಒಂದು ಚೂರು ತಿಂದರೆ ಏನಾಗುತ್ತೆ, ಅಭ್ಯಾಸ ಆದರೆ ಸರಿಹೋಗುತ್ತೆ ಬಿಡು" ಅಂತ. ಪುಟ್ಟಿ ಅಳುತ್ತಿದ್ದಳು, ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಮುಂದಿನ ತಿಂಗಳು ಅವಳನ್ನು ನಿನ್ನ ಹತ್ತಿರ ಬಿಡುವ ಮೊದಲು ಎಲ್ಲವನ್ನೂ ಬರೆದುಬಿಡುತ್ತೇನೆ.

ಅವತ್ತು ಅವಳು ತಿಂದದ್ದು ಕಾಲು ಚಮಚ ಕಡಲೆಕಾಯಿ ಬೀಜದ ಪೇಸ್ಟ್, ಅಷ್ಟೇ. ಹತ್ತು ನಿಮಿಷವೂ ಆಗಿರಲಿಲ್ಲ, ಬಾಯಿ ಸುತ್ತ ದದ್ದು ಎದ್ದವು. ತುಟಿ ಊದಿಕೊಂಡಿತು. ವಾಂತಿ ಆಯಿತು. ಆಮೇಲೆ ಕೆಮ್ಮು, ಉಸಿರಾಡುವಾಗ ಸುಯ್ ಅನ್ನುವ ಸದ್ದು. ಕತ್ತು ನಿಲ್ಲದ ಹಾಗೆ ನನ್ನ ಹೆಗಲ ಮೇಲೆ ಒರಗಿಬಿಟ್ಟಳು. ನಾನು ದದ್ದನ್ನೇ ನೋಡುತ್ತಾ ಕೂತಿದ್ದೆ ಅಮ್ಮ, ನೋಡಬೇಕಾಗಿದ್ದದ್ದು ಉಸಿರನ್ನು. ಕೆಲವು ಮಕ್ಕಳಿಗೆ ದದ್ದೇ ಬರುವುದಿಲ್ಲ, ನೇರವಾಗಿ ಉಸಿರಿಗೇ ಕಷ್ಟವಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ.

ನೀನು ಹೇಳಿದ್ದು ಪೂರ್ತಿ ತಪ್ಪು ಅಂತಲೂ ಅಲ್ಲ. ಚೂರು ಚೂರೇ ಕೊಟ್ಟು ಮೈಗೆ ಒಗ್ಗಿಸುವ ಚಿಕಿತ್ಸೆ ನಿಜವಾಗಿಯೂ ಇದೆ. ಆದರೆ ಅದನ್ನು ಡಾಕ್ಟರ್ ಅಳತೆ ಮಾಡಿ, ತಮ್ಮ ಕಣ್ಣೆದುರೇ ಶುರು ಮಾಡಬೇಕು. ಮನೆಯಲ್ಲಿ ನಾವಾಗಿ ಮಾಡುವಂಥದ್ದಲ್ಲ. ಹೋದ ಸಲ ಏನೂ ಆಗಲಿಲ್ಲ ಅಂತ ಈ ಸಲವೂ ಆಗುವುದಿಲ್ಲ ಎನ್ನುವ ಹಾಗಿಲ್ಲ. ಬೇರೆಯವರು ಕಡಲೆಕಾಯಿ ತಿಂದ ಚಮಚ, ಎಂಜಲು ಕೈ, ಮುತ್ತು, ಇಷ್ಟೂ ಸಾಕು. ಕೈಯನ್ನು ಸೋಪು ಹಾಕಿ ತೊಳೆಯಬೇಕು. ಸ್ಯಾನಿಟೈಸರ್ ಹಚ್ಚಿದರೆ ಅದು ಹೋಗುವುದಿಲ್ಲ.

ಈಗ ಮುಖ್ಯವಾದ ಮಾತು. ಅವಳ ಚೀಲದಲ್ಲಿ ಯಾವಾಗಲೂ ಎರಡು ಅಡ್ರಿನಲಿನ್ ಪೆನ್ (ತೊಡೆಗೆ ಒತ್ತಿದರೆ ತಾನೇ ಮದ್ದು ಚುಚ್ಚುವ ಪೆನ್) ಇರುತ್ತವೆ, ಪುಟ್ಟ ಮಕ್ಕಳ ಅಳತೆಯವು, 0.15 ಮಿಲಿಗ್ರಾಂ. ಉಸಿರಿಗೆ ತೊಂದರೆಯಾದರೆ, ದನಿ ಕಟ್ಟಿದರೆ, ಮಗು ಬಿಳಿಚಿಕೊಂಡು ಜೋತುಬಿದ್ದರೆ ಯೋಚನೆ ಮಾಡುತ್ತಾ ನಿಲ್ಲಬೇಡ. ತೊಡೆಯ ಹೊರಬದಿಗೆ ಚುಚ್ಚಿಬಿಡು. ಬಟ್ಟೆಯ ಮೇಲೇ ಚುಚ್ಚಬಹುದು. ಅಲರ್ಜಿಯ ಸಿರಪ್ ತುರಿಕೆಗೆ ಮಾತ್ರ, ಅದು ಉಸಿರನ್ನು ಉಳಿಸುವುದಿಲ್ಲ. ಅದನ್ನು ಕುಡಿಸಿ ಕಾಯುತ್ತಾ ಕೂತರೆ ಇದ್ದ ಹೊತ್ತೂ ಹೋಗುತ್ತದೆ. ಚುಚ್ಚಿದ ಮೇಲೆ ಆಂಬ್ಯುಲೆನ್ಸ್ ಕರೆಸಿ. ಅವಳನ್ನು ಮಲಗಿಸು. ಉಸಿರು ಕಟ್ಟುತ್ತಿದ್ದರೆ ಕೂರಿಸಿಕೋ, ನಿಲ್ಲಿಸಬೇಡ, ನಡೆಸಬೇಡ. ಐದು ನಿಮಿಷವಾದರೂ ಸುಧಾರಿಸದಿದ್ದರೆ ಎರಡನೇ ಪೆನ್. ಸರಿಹೋದಳು ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಅದೇ ತೊಂದರೆ ಮತ್ತೆ ತಿರುಗಿ ಬರುವುದುಂಟು. ಅಪ್ಪನಿಗೂ ಇದನ್ನು ಓದಿ ಹೇಳು.

ಅತ್ತಿಗೆಗೆ ಒಂದು ಮಾತು. ಅವಳ ಕೂಸಿಗೆ ಕೆನ್ನೆಯಲ್ಲಿ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಜಾಸ್ತಿ ಇದೆ ಅಂದೆಯಲ್ಲ, ಅಂಥ ಮಕ್ಕಳಿಗೆ ಆಹಾರದ ಅಲರ್ಜಿ ಬರುವ ಸಾಧ್ಯತೆ ಹೆಚ್ಚು. ಹಾಗಂತ ಕಡಲೆಕಾಯಿ, ಮೊಟ್ಟೆ ಎಲ್ಲವನ್ನೂ ಮುಂದೂಡುವುದು ಒಳ್ಳೆಯದಲ್ಲ. ಇಂಗ್ಲೆಂಡಿನಲ್ಲಿ ಇಂಥ 640 ಕೂಸುಗಳ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಬಂತು. ಚಿಕ್ಕಂದಿನಿಂದಲೇ ಕಡಲೆಕಾಯಿ ತಿಂದ ಮಕ್ಕಳಲ್ಲಿ ಅದರ ಅಲರ್ಜಿ ಬಹಳ ಕಡಿಮೆ ಇತ್ತು. ಆದರೆ ಅವಳು ಮೊದಲು ಡಾಕ್ಟರನ್ನು ಕೇಳಿಯೇ ಶುರು ಮಾಡಲಿ. ಇಡೀ ಬೀಜ ಮಾತ್ರ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪುಟ್ಟಿಗೆ ದೊಡ್ಡವಳಾದ ಮೇಲೆ ಈ ಅಲರ್ಜಿ ಹೋಗಬಹುದಾ? ಹಾಲು, ಮೊಟ್ಟೆಯ ಅಲರ್ಜಿ ಬಹಳ ಮಕ್ಕಳಿಗೆ ಹೋಗುತ್ತದೆ. ಕಡಲೆಕಾಯಿಯದು ಹೋಗುವುದು ಐವರಲ್ಲಿ ಒಬ್ಬರಿಗೆ. ನಾನು ದಿನಾ ಅದನ್ನೇ ಬೇಡಿಕೊಳ್ಳುತ್ತೇನೆ.

ಸೂಜಿಯೂ ಮದ್ದೂ ಇಲ್ಲದ ಅಭ್ಯಾಸದ ಪೆನ್ ಒಂದನ್ನು ತರುತ್ತಿದ್ದೇನೆ. ಬಂದ ದಿನವೇ ನೀನೂ ಅಪ್ಪನೂ ನನ್ನ ತೊಡೆಯ ಮೇಲೆ ಒತ್ತಿ ಕಲಿಯಿರಿ. ಕೈ ನಡುಗದ ಹಾಗೆ ಆಗುವ ತನಕ ಎಷ್ಟು ಸಲ ಬೇಕಾದರೂ ಒತ್ತಿ.

ನಿನ್ನ ಮಗಳು