ಎಲುಬಿಲ್ಲದ ಮಣ್ಣು

ಪ್ರೀತಿಯ ಪುಟ್ಟಿ,

ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್‌ನಲ್ಲಿ ಶಿಲಾಯುಗದ ಬಿಡಾರ ಅಗೆಯುತ್ತಾ ನೀನು ಬರೆದ ಕಾಗದದ ಒಂದು ಸಾಲು ನಿದ್ದೆಗೆಡಿಸಿತು. “ಒಂದು ಎಲುಬೂ ಸಿಗಲಿಲ್ಲ ದೊಡ್ಡಪ್ಪ, ಇಲ್ಲದ ಕಥೆ ಕಟ್ಟುತ್ತಿದ್ದೇನೋ ಏನೋ” ಅಂತ ಬರೆದಿದ್ದೀಯ.

ಫಿನ್‌ಮಾರ್ಕ್‌ನ ಮಣ್ಣು ಹುಳಿ ಕಣಮ್ಮ. ಹಸಿ ಎಲುಬನ್ನು ಅದು ತಿಂದುಹಾಕುತ್ತದೆ. ಬೆಂಕಿಯಲ್ಲಿ ಬೆಳ್ಳಗಾಗುವಷ್ಟು ಬೆಂದ ಚೂರು ಮಾತ್ರ ಉಳಿದೀತು, ಅದೂ ಉಗುರಿಗಿಂತ ಚಿಕ್ಕದು. 4 ಮಿ.ಮೀ. ಜರಡಿಯಲ್ಲಿ ಎಷ್ಟೋ ಜಾರಿಹೋಗುತ್ತವೆ. ಬಳ್ಳಾರಿ ಕಡೆ ಜರಡಿಯಡಿಯ ಮಣ್ಣನ್ನು ನಾನೂ ಬುಟ್ಟಿಗಟ್ಟಲೆ ಚೆಲ್ಲಿಸಿದ್ದೇನೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇರಲಿ.

ಅಲ್ಲೇ ಆಲ್ಟಾದ ಕೊಮ್ಸಾ ಗುಡ್ಡದಲ್ಲಿ 1925ರಲ್ಲಿ ಪುರಾತತ್ತ್ವಜ್ಞ ಆಂಡರ್ಸ್ ನುಮ್ಮೆಡಾಲ್‌ಗೆ ಸಿಕ್ಕಿದ್ದೂ ಕಲ್ಲಿನ ಹತ್ಯಾರಗಳೇ. ಕಥೆ ಕಟ್ಟಿದ್ದೆಂದು ಅದನ್ನು ಯಾರೂ ತಳ್ಳಿಹಾಕಲಾರರು.

ನಿನ್ನ ಭಯಕ್ಕೇ ಬರುತ್ತೇನೆ, ಬಿಡಾರದ ವಯಸ್ಸಿನ ಲೆಕ್ಕದಿಂದ ಶುರುಮಾಡಿ. ಹಿಮಯುಗ ಮುಗಿದು ಹಿಮದ ಭಾರ ಇಳಿದಂದಿನಿಂದ ಅಲ್ಲಿ ನೆಲ ಏಳುತ್ತಲೇ ಇದೆ, ಹಾಗಾಗಿ ಹಳೆಯ ದಡ ಮೇಲೆ, ಹೊಸದು ಕೆಳಗೆ. ಆಲ್ಟಾದ ಬಂಡೆಚಿತ್ರಗಳಿಗೆ ವಯಸ್ಸು ಹಚ್ಚಿದ್ದು ಹೀಗೇ. ಸುಮಾರು 26 ಮೀಟರ್ ಎತ್ತರದವು 7000 ವರ್ಷದ ಆಸುಪಾಸಿನವು, ತೀರಾ ಕೆಳಗಿನವು 2000 ವರ್ಷದವು. ಆದರೆ ದಡ ಹೇಳುವುದು “ಇದಕ್ಕಿಂತ ಮುಂಚೆ ಆಗಿರಲಾರದು” ಎಂದಷ್ಟೇ. ನೀರಿನಡಿ ಯಾರೂ ಒಲೆ ಹೂಡರು. ನೀರು ಸರಿದು ಸಾವಿರ ವರ್ಷದ ಮೇಲೆ ಬಂದು ಹೂಡಿರಬಹುದು. ನೀನು ಎಡವಬಹುದಾದ ಜಾಗ ಇದು, ಎಲುಬಿನದಲ್ಲ.

ಹೊರ ಕರಾವಳಿಯಲ್ಲಂತೂ ನೆಲಕ್ಕಿಂತ ಸಮುದ್ರ ಬೇಗ ಏರಿದ ಕಾಲವೊಂದಿತ್ತು, ಟಾಪೆಸ್ ಏರಿಕೆ. ಅದರಲ್ಲಿ ಮುಳುಗಿದ ಬಿಡಾರಗಳ ಕಲ್ಲುಚಕ್ಕೆಗಳನ್ನು ತೆರೆ ಉರುಳಿಸಿತು. ನಿನ್ನ ಚಕ್ಕೆಗಳ ಅಂಚನ್ನು ಬೆರಳಿಂದ ಮುಟ್ಟಿ ನೋಡು. ನುಣ್ಣಗೆ ದುಂಡಗಾಗಿದ್ದರೆ ಅವು ಸಿಕ್ಕ ದಡಕ್ಕಿಂತ ಹಳೆಯವಿರಬೇಕು. ಆ ದಡದ ವಯಸ್ಸನ್ನು ಅವಕ್ಕೆ ಹಚ್ಚಬೇಡ.

ಒಲೆಯ ಇದ್ದಿಲನ್ನು ಇಂಗಾಲದ ಕಾಲಗಣನೆಗೆ ಕಳಿಸುವ ಮೊದಲು ಮರ ಯಾವುದೆಂದು ಗುರುತು ಹಿಡಿಸು. ಸೈಬೀರಿಯದಿಂದ ತೇಲಿಬಂದ ಲಾರ್ಚ್ ಒಲೆಗೆ ಬೀಳುವ ಹೊತ್ತಿಗೇ ನೂರಾರು ವರ್ಷ ಹಳೆಯದಿರಬಹುದು. ಬರ್ಚ್‌ನ ಎಳೆ ರೆಂಬೆ ಒಳ್ಳೆಯದು. ಚಿಪ್ಪಾಗಲಿ ಸೀಲಿನ ಎಲುಬಾಗಲಿ ಸಮುದ್ರದ ಹಳೆ ಇಂಗಾಲ ಹೊತ್ತಿರುತ್ತದೆ, ಸುಮಾರು 400 ವರ್ಷ ಹೆಚ್ಚು ತೋರಿಸುತ್ತದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಬೇಜಾರಾಗಬೇಡ.

ಕಥೆ ಕಟ್ಟುವವರು ದಡದ ಲೆಕ್ಕಕ್ಕೂ ಇದ್ದಿಲಿನ ಲೆಕ್ಕಕ್ಕೂ ತಾಳೆಯಾಗದಾಗ ಒಂದನ್ನು ಮುಚ್ಚಿಡುತ್ತಾರೆ. ನೀನು ಎರಡನ್ನೂ ಬರೆದಿದ್ದೀಯ. ಮತ್ತೆ ಯಾಕಮ್ಮ ಈ ಅಂಜಿಕೆ?

ಋತು ಮುಗಿಯಲು ಇನ್ನೂ ದಿನವಿದ್ದರೆ, ಆದರೆ ಮಾತ್ರ, ಒಲೆಯ ಸುತ್ತಲಿನ 50 ಸೆಂ.ಮೀ. ಚೌಕಗಳ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ನೀರು ಹಾಕಿ ತೊಳೆಸು. ಒಣಗಿಸಿದ ಮೇಲೆ ಬಿಳಿ ಚೂರು ಹುಡುಕು, ಒದ್ದೆಯಲ್ಲಿ ಅದು ಸ್ಫಟಿಕಶಿಲೆಯಂತೆಯೇ ಕಾಣುತ್ತದೆ.

ನಿನ್ನ ದೊಡ್ಡಪ್ಪ