ಪಂಪ್ ಬಿಚ್ಚಿಸುವ ಮೊದಲು

ಬೆಂಗಳೂರು
ಸೋಮವಾರ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನೆ ರಾತ್ರಿ ನೀನು ಫೋನ್ ಮಾಡಿ, ಹೆಸರಘಟ್ಟದ ತೋಟದಲ್ಲಿ ತಾತನ ಮ್ಯಾಸ್ಸಿ ಫರ್ಗ್ಯುಸನ್ 35 ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತಿಲ್ಲ, ಮೆಕ್ಯಾನಿಕ್ ಡೀಸೆಲ್ ಪಂಪ್ ಬಿಚ್ಚಿ ಜೆ.ಸಿ. ರಸ್ತೆಗೆ ಒಯ್ಯುತ್ತೇನೆ ಎನ್ನುತ್ತಿದ್ದಾನೆ ಎಂದೆಯಲ್ಲ, ಆಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ‘ಸರಿ ಮಾವ’ ಎಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನದ ಕಥೆ ಕೇಳು. ನಿನ್ನ ವಯಸ್ಸಿನಲ್ಲಿ ನಾನೂ ಇದೇ ಗಾಡಿಯ ಪಂಪ್ ಬಿಚ್ಚಿಸಿದ್ದೆ. ಅದು ಬಸ್ಸಿನಲ್ಲಿ ಗೋಣಿಚೀಲದೊಳಗೆ ಕೂತು ಪೇಟೆಗೆ ಹೋಯಿತು, ರಿಪೇರಿಯಾಗಿ ಬಂತು, ನನ್ನ ಒಂದು ತಿಂಗಳ ಸಂಬಳವನ್ನೂ ನುಂಗಿತು. ಜೋಡಿಸಿ ಸೆಲ್ಫ್ ಹೊಡೆದರೆ ಮತ್ತೆ ಅದೇ ರಾಗ. ನಿನ್ನ ತಾತ ಜಗಲಿಯಿಂದ ಎದ್ದು ಬಂದರು. ಎಂಜಿನ್ ನಿಲ್ಲಿಸಲು ಎಳೆಯುವ ಗುಂಡಿ ಇದೆಯಲ್ಲ, ಅದನ್ನು ನಾನು ಒಳಗೆ ತಳ್ಳಿಯೇ ಇದ್ದೆ. ಆದರೆ ಅದರ ತಂತಿ ತುಕ್ಕು ಹಿಡಿದು ಬಾಗಿತ್ತು. ಗುಂಡಿ ಒಳಗೆ ಹೋದರೂ ಪಂಪಿನ ಮೇಲಿನ ಪುಟ್ಟ ಲಿವರ್ ಹಿಂದಕ್ಕೆ ಬಂದಿರಲಿಲ್ಲ. ಡೀಸೆಲ್ ಬಾಗಿಲು ಮುಚ್ಚಿಯೇ ಇತ್ತು. ತಾತ ಹೆಬ್ಬೆರಳಿನಿಂದ ಆ ಲಿವರನ್ನು ಒತ್ತಿ ‘ಈಗ ಹೊಡಿ’ ಎಂದರು. ಎರಡೇ ಸುತ್ತಿನಲ್ಲಿ ಎಂಜಿನ್ ಹಿಡಿಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀನು ಎಲ್ಲಕ್ಕಿಂತ ಮೊದಲು ಬಾನೆಟ್ ತೆರೆದು ಅದನ್ನು ನೋಡು.

ಈ ಎಂಜಿನನ್ನು ಸುಮ್ಮನೆ ಅನುಮಾನಿಸಬೇಡ. ಇಂಗ್ಲೆಂಡಿನಲ್ಲಿ ಈ 35ಕ್ಕೆ ಮೊದಲು ಬಂದದ್ದು ಸ್ಟ್ಯಾಂಡರ್ಡ್ ಎಂಬ ಕಂಪನಿಯ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಅದು ಚಳಿಗೆ ಏಳುವುದಿಲ್ಲ ಎಂಬ ಕೆಟ್ಟ ಹೆಸರು ಪಡೆದಿತ್ತು. 1959ರ ಕೊನೆಗೆ ಅದರ ಬದಲು ಪರ್ಕಿನ್ಸ್‌ನ ಮೂರು ಸಿಲಿಂಡರಿನದು ಬಂತು. ನಮ್ಮ ಗಾಡಿಯಲ್ಲಿರುವುದು ಅದೇ ಪರ್ಕಿನ್ಸ್. ಸರಿಯಾಗಿದ್ದರೆ ನಮ್ಮ ಜನವರಿಯ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸೆಲ್ಫ್ ಜೋರಾಗಿ ತಿರುಗುತ್ತಿದೆ ಎಂದು ನೀನು ಹೇಳಿದೆ. ಹಾಗಿದ್ದರೆ ಬ್ಯಾಟರಿಯ ವಿಷಯ ಬಿಡು. ಮುಂದೆ ಎಂದಾದರೂ ಸೋತರೆ ನೆನಪಿರಲಿ: ಸೆಲ್ಫ್ ಹೊಡೆದ ಕೂಡಲೇ ಟರ್ಮಿನಲ್‌ಗಳನ್ನೂ ಬ್ಯಾಟರಿಯನ್ನು ಗಾಡಿಯ ಮೈಗೆ ಸೇರಿಸುವ ಅರ್ತ್ ಪಟ್ಟಿಯ ಎರಡೂ ತುದಿಗಳನ್ನೂ ಮುಟ್ಟಿ ನೋಡು. ಬಿಸಿಯಾದ ಕಡೆ ಜೋಡಣೆ ಸಡಿಲವಾಗಿದೆ ಇಲ್ಲವೇ ತುಕ್ಕು ಹಿಡಿದಿದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡ. ಒಂದೆರಡು ನಿಮಿಷ ಆರಲು ಬಿಡು.

ಇನ್ನು ಹೊಗೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಒಳಗೆ ಹೋಗುವ ಗಾಳಿಯನ್ನು ಕಾಯಿಸುವ ಹೀಟರ್, ಸಿಲಿಂಡರಿನಲ್ಲಿ ಗಾಳಿ ಒತ್ತುವ ಕಂಪ್ರೆಷನ್ ಎಂದು ಯೋಚಿಸಬೇಕು. ನಾನು ಕೇಳಿದ್ದಕ್ಕೆ ನೀನು ‘ಹೊಗೆಯೇ ಇಲ್ಲ ಮಾವ’ ಎಂದೆ. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಲೇ ಇಲ್ಲ. ಮಾತಿನ ಮಧ್ಯೆ ನೀನು ಇನ್ನೊಂದನ್ನೂ ಹೇಳಿದೆ: ಹೋದ ವಾರ ಟ್ಯಾಂಕ್ ಪೂರ್ತಿ ಬರಿದಾಗಿ ನಿಂತಿತು, ಕ್ಯಾನಿನಲ್ಲಿ ಐದು ಲೀಟರ್ ತಂದು ಹಾಕಿದೆ ಎಂದು. ನಿನಗೆ ಅದು ಸಣ್ಣ ಮಾತು. ನನಗೆ ಅಷ್ಟೇ ಸಾಕಾಯಿತು. ಪೈಪಿನಲ್ಲಿ ಗಾಳಿ ಸೇರಿದೆ. ಅದಕ್ಕೆ ಪಂಪ್ ಬಿಚ್ಚುವುದೆಂದರೆ ನೆಗಡಿಯಾಯಿತೆಂದು ಮೂಗು ಕೊಯ್ದಂತೆ.

ಗಾಳಿ ತೆಗೆಯುವುದು ಹೀಗೆ. ಮೊದಲು ಫಿಲ್ಟರ್, ಪಂಪ್, ಪೈಪುಗಳ ಸುತ್ತ ಬಟ್ಟೆಯಿಂದ ಒರೆಸು, ಧೂಳು ಒಳಗೆ ಹೋಗಬಾರದು. ಟ್ಯಾಂಕಿನ ನಲ್ಲಿ ತೆರೆದಿದೆಯೇ ನೋಡು. ಫಿಲ್ಟರಿನ ಮೇಲಿನ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಚಿಕ್ಕ ಕೈಲಿವರನ್ನು ಮೇಲೆ ಕೆಳಗೆ ಆಡಿಸು. ಲಿವರ್ ಹಗುರವಾಗಿ, ಹಿಡಿತವೇ ಇಲ್ಲದೆ ಆಡಿದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡ; ಒಳಗೆ ಕ್ಯಾಮ್, ಅಂದರೆ ಎಂಜಿನ್ ಜೊತೆ ತಿರುಗುವ ಉಬ್ಬು, ಅದನ್ನು ಎತ್ತಿ ಹಿಡಿದಿದೆ. ಎಂಜಿನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಆಡಿಸು, ಹಿಡಿತ ಸಿಗುತ್ತದೆ. ಮೊದಲು ನೊರೆನೊರೆಯಾಗಿ ಉಗುಳುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡು. ಡೀಸೆಲ್ ಪಂಪಿನ ಮೇಲಿನ ಸ್ಕ್ರೂಗಳಿಗೂ ಇದೇ ಕ್ರಮ, ಕೆಳಗಿನದು ಮೊದಲು, ಮೇಲಿನದು ಆಮೇಲೆ. ಅವಸರ ಪಡಬೇಡ, ನಾನು ಒಮ್ಮೆ ಅರ್ಧ ಗಂಟೆ ಆಡಿಸಿದ್ದೇನೆ, ಬೆರಳಿನಲ್ಲಿ ಗುಳ್ಳೆ ಬಂದಿತ್ತು.

ಕೊನೆಗೆ, ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳ ಪೈಪಿನ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಸ್ಟಾಪ್ ಗುಂಡಿ ಒಳಗಿದ್ದು ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆ. ಮೂರರಲ್ಲೂ ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡು. ಆಗ ಕೈ ದೂರವಿರಲಿ. ನಾಜಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸೂಜಿಮೊನೆಯಷ್ಟು ಕಂಡರೂ ಆಸ್ಪತ್ರೆಗೆ ಓಡಬೇಕು.

ಇಷ್ಟು ಮಾಡಿಯೂ ಎರಡು ದಿನಕ್ಕೆ ಮತ್ತೆ ಗಾಳಿ ಹಿಡಿದರೆ ಎಲ್ಲೋ ಒಂದು ತಾಮ್ರದ ವಾಷರ್ ಸವೆದಿರುತ್ತದೆ. ಅಂತಹ ಜಾಗದಲ್ಲಿ ಡೀಸೆಲ್ ಸೋರಿ ಕಾಣಿಸಲೇಬೇಕೆಂದಿಲ್ಲ, ಗಾಳಿ ಮಾತ್ರ ಒಳಗೆ ನುಗ್ಗುತ್ತದೆ. ಫಿಲ್ಟರ್ ಯಾವಾಗ ಬದಲಿಸಿದ್ದೆಂದು ನೆನಪಿಲ್ಲದಿದ್ದರೆ ಅದನ್ನೂ ಈಗಲೇ ಹೊಸದು ಹಾಕಿಬಿಡು.

ಎರಡು ಕೆಲಸಗಳನ್ನು ಮಾತ್ರ ನನ್ನಾಣೆ ಮಾಡಬೇಡ. ಎಂಜಿನ್ ಗಾಳಿ ಎಳೆಯುವ ಬಾಯಿಗೆ, ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವುದು ಒಂದು. ಹೀಟರ್ ಕಾದಿದ್ದರೆ ಬೆಂಕಿ, ಇಲ್ಲದಿದ್ದರೆ ಪಿಸ್ಟನ್ನಿಗೆ ಪೆಟ್ಟು. ಇನ್ನೊಂದು, ಚಕ್ರದ ಪಕ್ಕ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿಗೆ ಕಿಡಿ ಕೊಡುವುದು. ಗಾಡಿ ಗೇರಿನಲ್ಲಿದ್ದರೆ ಹಿಂದಿನ ಚಕ್ರ ಎಳೆದುಕೊಂಡು ಹೋಗುತ್ತದೆ. ಮೆಕ್ಯಾನಿಕ್ ಮಾಡುತ್ತಾನಲ್ಲ ಎನ್ನಬೇಡ.

ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ. ಕಲಾಸಿಪಾಳ್ಯದಲ್ಲಿ ವಾಷರ್ ತೆಗೆದುಕೊಂಡೇ ಬರುತ್ತೇನೆ, ನೀನು ಸ್ಪ್ಯಾನರ್ ಸೆಟ್ ಮತ್ತು ಹಳೆಯ ಬಟ್ಟೆ ಇಟ್ಟಿರು. ಅಕ್ಕನಿಗೆ ಹೇಳು, ಊಟಕ್ಕೆ ಅಲ್ಲೇ ಇರುತ್ತೇನೆ, ಮುದ್ದೆ ಆದರೆ ಸಾಕು. ಅಲ್ಲಿಯವರೆಗೆ ಮೆಕ್ಯಾನಿಕ್‌ಗೆ ಚಹಾ ಕೊಡು, ಪಂಪ್ ಕೊಡಬೇಡ.

ಇಂತಿ ನಿನ್ನ ಮಾವ