ಗೆಳೆಯನಿಗೊಂದು ಪತ್ರ: ಭಾವಚಿತ್ರ ಹಿಡಿದು ಹೊರಟವರು

ಪ್ರಿಯ ಗೆಳೆಯಾ,

ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಗೋರ್ಬಚೇವ್ ಒಬ್ಬ ಗಟ್ಟಿಯಾಗಿ ನಿಂತಿದ್ದರೆ ಆ ದೇಶ ಇಂದಿಗೂ ಉಳಿದಿರುತ್ತಿತ್ತು ಎಂದು ಬರೆದಿದ್ದೀಯ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಎನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಉದ್ದದ ಪತ್ರ. ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿಯೇ ನಾವಿಬ್ಬರೂ ಆ ದೇಶವನ್ನು ಪ್ರೀತಿಸಲು ಕಲಿತವರು. ಹಿಟ್ಲರನನ್ನು ಸೋಲಿಸಲು ಅದು ತೆತ್ತ ಸುಮಾರು 2.7 ಕೋಟಿ ಜೀವಗಳನ್ನು ನಾನು ಮರೆತಿಲ್ಲ. ಓದು ಬರಹ ಕಾಣದ ರೈತರ ಮಕ್ಕಳು ಎಂಜಿನಿಯರುಗಳಾದದ್ದೂ ಸುಳ್ಳಲ್ಲ. ಆದರೆ ಆ ರಾಜ್ಯ ಯಾಕೆ ಬಿದ್ದುಹೋಯಿತು ಎಂದು ತಿಳಿಯಬೇಕಾದರೆ ಗೋರ್ಬಚೇವ್ ಅಧಿಕಾರಕ್ಕೆ ಬಂದ 1985ರಿಂದ ಶುರುಮಾಡಿದರೆ ಸಾಲದು. ಜನ ತಮ್ಮ ಕಷ್ಟ ಹೇಳಿಕೊಳ್ಳಲು ಹೊರಟಾಗಲೆಲ್ಲ ಆಳುವವರು ಏನು ಮಾಡಿದರು ಎಂಬುದನ್ನು ಝಾರ್ ದೊರೆಯ ಕಾಲದಿಂದಲೇ ನೋಡಿಕೊಂಡು ಬರಬೇಕು.

1905ರ ಜನವರಿ 9, ಭಾನುವಾರ. (ಇದು ರಷ್ಯಾದ ಹಳೆಯ ಕ್ಯಾಲೆಂಡರಿನ ದಿನಾಂಕ. 1918ರ ಜನವರಿಯವರೆಗೆ ನಾನು ಕೊಡುವ ದಿನಾಂಕಗಳಿಗೆಲ್ಲ 13 ದಿನ ಸೇರಿಸಿಕೋ.) ಸೇಂಟ್ ಪೀಟರ್ಸ್‌ಬರ್ಗಿನ ಸಾವಿರಾರು ಕಾರ್ಮಿಕರು ಹೆಂಡತಿ ಮಕ್ಕಳ ಸಮೇತ ಚಳಿಗಾಲದ ಅರಮನೆಯತ್ತ ಹೊರಟರು. ಮುಂದೆ ಗಪೋನ್ ಎಂಬ ಪಾದ್ರಿ. ಜನರ ಕೈಯಲ್ಲಿ ದೇವರ ಪಟಗಳು, ಝಾರ್ ಎರಡನೇ ನಿಕೋಲಾಸನ ಭಾವಚಿತ್ರಗಳು. ಒಂದು ಮನವಿ ಪತ್ರ. ದಿನಕ್ಕೆ ಎಂಟು ಗಂಟೆಯ ದುಡಿಮೆ, ನ್ಯಾಯವಾದ ಕೂಲಿ, ಎಲ್ಲರೂ ಗುಟ್ಟಾಗಿ ಮತ ಹಾಕಿ ಆರಿಸುವ ಸಂವಿಧಾನ ಸಭೆ, ಇವು ಅದರಲ್ಲಿದ್ದ ಬೇಡಿಕೆಗಳು. ಮಾಲೀಕರು, ಅಧಿಕಾರಿಗಳು ಕೆಟ್ಟವರು, ದೊರೆ ಒಳ್ಳೆಯವನು, ಅವನ ಕಿವಿಗೆ ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯಿಂದ ಬಂದ ಜನ ಅವರು. ದೊರೆ ಅಂದು ಊರಿನಲ್ಲೇ ಇರಲಿಲ್ಲ. ಸೈನಿಕರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಝಾರನ ಭಾವಚಿತ್ರ ಹಿಡಿದವರು ಝಾರನ ಗುಂಡಿಗೇ ಬಲಿಯಾದರು.

ಆ ವರ್ಷವಿಡೀ ದೇಶ ಹೊತ್ತಿ ಉರಿದ ಮೇಲೆ ಅಕ್ಟೋಬರಿನಲ್ಲಿ ನಿಕೋಲಾಸ್ ಡೂಮಾ ಎಂಬ ಶಾಸನಸಭೆಗೆ ಒಪ್ಪಿದ. ಮನಸ್ಸಿಟ್ಟು ಒಪ್ಪಿದ್ದಲ್ಲ. 1906ರ ಮೂಲ ಕಾನೂನುಗಳಲ್ಲಿ ಸರ್ವೋಚ್ಚ ನಿರಂಕುಶ ಅಧಿಕಾರ ಚಕ್ರವರ್ತಿಯದೇ ಎಂಬ ಸಾಲು ಹಾಗೆಯೇ ಉಳಿಯಿತು. ಮೊದಲ ಡೂಮಾ ಮೂರು ತಿಂಗಳೂ ಬಾಳಲಿಲ್ಲ. ಎರಡನೆಯದನ್ನೂ ಮನೆಗೆ ಕಳಿಸಿ, 1907ರ ಜೂನಿನಲ್ಲಿ ಪ್ರಧಾನಿ ಸ್ತೊಲಿಪಿನ್ ಚುನಾವಣಾ ಕಾನೂನನ್ನೇ ಜಮೀನುದಾರರಿಗೆ ಅನುಕೂಲವಾಗುವಂತೆ ತಿದ್ದಿಸಿದ.

1917ರ ಫೆಬ್ರವರಿಯಲ್ಲಿ ರೊಟ್ಟಿಗಾಗಿ ಪೆತ್ರೊಗ್ರಾದಿನ (ಸೇಂಟ್ ಪೀಟರ್ಸ್‌ಬರ್ಗಿಗೆ ಆಗಿನ ಹೆಸರು) ಹೆಂಗಸರು ಬೀದಿಗಿಳಿದಾಗ ಮತ್ತೆ ಗೋಲಿಬಾರ್ ಆಯಿತು. ಈ ಸಲ ಆದದ್ದೇ ಬೇರೆ. 26ರಂದು ಗುಂಪಿನ ಮೇಲೆ ಗುಂಡು ಹಾರಿಸಿದ್ದ ವೊಲಿನ್‌ಸ್ಕಿ ರೆಜಿಮೆಂಟಿನ ಸೈನಿಕರು, ಮರುದಿನ ಬೆಳಿಗ್ಗೆ ಇನ್ನು ತಮ್ಮಿಂದ ಆಗದು ಎಂದು ಅಧಿಕಾರಿಯ ವಿರುದ್ಧವೇ ತಿರುಗಿಬಿದ್ದರು. ಸಂಜೆಯೊಳಗೆ ರಾಜಧಾನಿಯ ಸೈನ್ಯ ಜನರ ಪಾಲಾಯಿತು. ಮಾರ್ಚ್ 2ರಂದು ಪ್ಸ್ಕೋವ್ ನಿಲ್ದಾಣದಲ್ಲಿ, ರೈಲು ಬೋಗಿಯಲ್ಲಿ ಕೂತು, ನಿಕೋಲಾಸ್ ಪಟ್ಟ ತ್ಯಜಿಸಿದ. ಮುನ್ನೂರು ವರ್ಷಗಳ ರೊಮಾನೊವ್ ವಂಶದ ಆಳ್ವಿಕೆ ವಾರದೊಳಗೆ ಮುಗಿಯಿತು.

ಮುಂದಿನದು ನಿನಗೆ ಗೊತ್ತೇ ಇದೆ. ಝಾರನ ಬಳಿಕ ಬಂದ ಕೆರೆನ್‌ಸ್ಕಿಯ ತಾತ್ಕಾಲಿಕ ಸರ್ಕಾರ ಮೊದಲ ಮಹಾಯುದ್ಧ ನಿಲ್ಲಿಸಲಿಲ್ಲ, ರೈತರಿಗೆ ಭೂಮಿ ಕೊಡಲಿಲ್ಲ, ಚುನಾವಣೆಯನ್ನು ಮುಂದೂಡುತ್ತಲೇ ಹೋಯಿತು. ಅಕ್ಟೋಬರಿನಲ್ಲಿ ಲೆನಿನ್‌ನ ಪಕ್ಷದವರಾದ ಬೋಲ್ಷೆವಿಕರು ಅಧಿಕಾರ ಹಿಡಿದರು. ಆದರೆ ನಾವು ಓದಿದ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಹೋಗುತ್ತಿದ್ದ ಸಂಗತಿಯೊಂದಿದೆ. ಬೋಲ್ಷೆವಿಕರು ಬಂದ ಮೇಲೆಯೇ, ನವೆಂಬರಿನಲ್ಲಿ, 1905ರಲ್ಲಿ ಕೇಳಿದ್ದ ಆ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. ಹೆಂಗಸರೂ ಸೇರಿ ನಾಲ್ಕು ಕೋಟಿಗೂ ಹೆಚ್ಚು ಜನ ಮತ ಹಾಕಿದರು. ರೈತರು ನಂಬಿದ್ದ ಸಮಾಜವಾದಿ ಕ್ರಾಂತಿಕಾರಿ ಪಕ್ಷ ಮೊದಲ ಸ್ಥಾನಕ್ಕೆ ಬಂತು. ಬೋಲ್ಷೆವಿಕರಿಗೆ ಸಿಕ್ಕಿದ್ದು ಕಾಲು ಭಾಗಕ್ಕಿಂತ ತುಸು ಕಡಿಮೆ ಮತ.

1918ರ ಜನವರಿ 5ರಂದು ತಾವ್ರಿದಾ ಅರಮನೆಯಲ್ಲಿ ಸಭೆ ಕೂಡಿತು. ಸಮಾಜವಾದಿ ಕ್ರಾಂತಿಕಾರಿ ಪಕ್ಷದ ವಿಕ್ತರ್ ಚೆರ್ನೋವ್ ಅಧ್ಯಕ್ಷನಾದ. ತಮ್ಮ ಘೋಷಣೆಯನ್ನು ಸಭೆ ಒಪ್ಪದಿದ್ದಾಗ ಬೋಲ್ಷೆವಿಕರು ಎದ್ದು ಹೊರನಡೆದರು. ಬೆಳಗಿನ ಜಾವ ನಾಲ್ಕು ದಾಟಿದ ಮೇಲೆ ಕಾವಲಿನ ನಾವಿಕ ಝೆಲೆಜ್ನ್ಯಾಕೊವ್ ವೇದಿಕೆಗೆ ಬಂದು, ಕಾವಲುಗಾರರು ದಣಿದಿದ್ದಾರೆ, ಸಭೆ ಮುಗಿಸಿ ಎಂದ. ಚೆರ್ನೋವ್ ಅವಸರದಲ್ಲಿ ಭೂಮಿಯ ಕಾನೂನನ್ನು ಓದಿ ಮುಗಿಸಿದ. ಮರುದಿನ ಸದಸ್ಯರು ಬಂದಾಗ ಬಾಗಿಲಿಗೆ ಬೀಗ. ಸಭೆ ಸೇರಿದ ದಿನವೇ ಅದನ್ನು ಬೆಂಬಲಿಸಿ ಕೆಂಪು ಬಾವುಟ ಹಿಡಿದು ಬಂದ ಕಾರ್ಮಿಕರ ಮೆರವಣಿಗೆಯ ಮೇಲೆ ಗುಂಡು ಹಾರಿತ್ತು. ಇದನ್ನು 1905ರ ರಕ್ತದ ಭಾನುವಾರದ ಪಕ್ಕದಲ್ಲಿಟ್ಟು ಪತ್ರಿಕೆಯಲ್ಲಿ ಬರೆದವನು ಕ್ರಾಂತಿಯ ಶತ್ರುವಲ್ಲ, ಮ್ಯಾಕ್ಸಿಮ್ ಗಾರ್ಕಿ. ಲೆನಿನ್ ಆ ದಿನ ಕಳೆದುಕೊಂಡದ್ದೇನು ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಆ ಸಭೆಯಲ್ಲಿ ಬಹುಪಾಲು ಜನ ಸಮಾಜವಾದಿಗಳೇ ಆಗಿದ್ದರು. ಅವರೊಂದಿಗೆ ಜಗಳವಾಡುತ್ತ ರಾಜ್ಯ ನಡೆಸಬಹುದಿತ್ತು. ‘ಇದು ತಪ್ಪು’ ಎಂದು ಯಾರಾದರೂ ಎದ್ದು ಹೇಳಬಲ್ಲ ಒಂದು ಜಾಗ ಉಳಿಯುತ್ತಿತ್ತು.

ಆಮೇಲೆ ಆ ಜಾಗ ಕಿರಿದಾಗುತ್ತಲೇ ಹೋಯಿತು. 1921ರಲ್ಲಿ ಪೆತ್ರೊಗ್ರಾದಿನ ಬಳಿಯ ನೌಕಾನೆಲೆ ಕ್ರೋನ್‌ಸ್ಟಾಟಿನ ನಾವಿಕರು ಸೋವಿಯತ್ತುಗಳಿಗೆ, ಅಂದರೆ ಕಾರ್ಮಿಕರ, ಸೈನಿಕರ ಸಮಿತಿಗಳಿಗೆ, ಗುಪ್ತ ಮತದಾನದ ಹೊಸ ಚುನಾವಣೆ ಕೇಳಿದ್ದಕ್ಕೆ ಸೈನ್ಯ ಹೆಪ್ಪುಗಟ್ಟಿದ ಸಮುದ್ರ ದಾಟಿ ಹೋಗಿ ಅವರನ್ನು ಬಗ್ಗುಬಡಿಯಿತು. ಅದೇ ತಿಂಗಳು ಪಕ್ಷದೊಳಗೂ ಗುಂಪು ಕಟ್ಟುವುದನ್ನು ನಿಷೇಧಿಸಲಾಯಿತು. ಸ್ಟಾಲಿನ್ ಕಾಲವನ್ನು ವಿವರಿಸುವ ಶಕ್ತಿ ನನಗಿಲ್ಲ. 1937 ಮತ್ತು 38, ಈ ಎರಡೇ ವರ್ಷಗಳಲ್ಲಿ ಗುಂಡಿಗೆ ಬಲಿಯಾದವರು ಆ ಸರ್ಕಾರದ್ದೇ ದಾಖಲೆಯಂತೆ 6.8 ಲಕ್ಷ.

ಸ್ಟಾಲಿನ್ ಸತ್ತ ಮೇಲೆ ಎಲ್ಲ ಬದಲಾಯಿತು ಎನ್ನುವವರಿಗೆ ನಾನು ನೊವೊಚೆರ್ಕಾಸ್ಕಿನ ಕಥೆ ಹೇಳುತ್ತೇನೆ. ದೇಶದ ದಕ್ಷಿಣದಲ್ಲಿ ವಿದ್ಯುತ್ ರೈಲು ಎಂಜಿನ್ ತಯಾರಿಸುವ ಊರು ಅದು. 1962ರ ಜೂನ್ 1ರಂದು ಮಾಂಸದ ಬೆಲೆ ಸುಮಾರು ಶೇ 30, ಬೆಣ್ಣೆಯ ಬೆಲೆ ಶೇ 25ರಷ್ಟು ಏರಿತು. ಕಾರ್ಖಾನೆಯಲ್ಲಿ ಅದಾಗಲೇ ದುಡಿಮೆಯ ಗುರಿ ಹೆಚ್ಚಿಸಿ ಕೈಗೆ ಬರುವ ಸಂಬಳ ಇಳಿಸಿದ್ದರು. ಮಾಂಸ ಕೊಳ್ಳಲು ದುಡ್ಡಿಲ್ಲದಿದ್ದರೆ ಈಲಿಯ ಕಡುಬು ತಿನ್ನಿ ಎಂದು ಕಾರ್ಖಾನೆಯ ನಿರ್ದೇಶಕ ಕಾರ್ಮಿಕರ ಮುಖಕ್ಕೇ ಹೇಳಿದನಂತೆ. ಮುಷ್ಕರ ಶುರುವಾಯಿತು. ಮರುದಿನ ಜನ ಊರ ನಡುವಿನ ಪಕ್ಷದ ಕಚೇರಿಯತ್ತ ನಡೆದರು. ಅವರು ಹಿಡಿದದ್ದು ಕೆಂಪು ಬಾವುಟ, ಲೆನಿನ್ ಭಾವಚಿತ್ರ!

ದಾರಿಯಲ್ಲಿ ತುಜ್ಲೋವ್ ನದಿಯ ಸೇತುವೆ. ಅಲ್ಲಿ ಟ್ಯಾಂಕುಗಳನ್ನು ಅಡ್ಡ ನಿಲ್ಲಿಸಿದ್ದ ಜನರಲ್ ಮತ್ವೇಯ್ ಶಪೋಷ್ನಿಕೊವ್, ತನ್ನ ಸೈನಿಕರ ಬಂದೂಕುಗಳಿಂದ ಗುಂಡು ತೆಗೆಸಿದ್ದ. ಟ್ಯಾಂಕಿನಿಂದ ತಡೆಯಿರಿ ಎಂಬ ಆದೇಶ ಬಂದಾಗ, ಟ್ಯಾಂಕು ನುಗ್ಗಿಸಬೇಕಾದಂಥ ಶತ್ರು ತನಗೆ ಎದುರಿಗೆ ಕಾಣುತ್ತಿಲ್ಲ ಎಂದು ಉತ್ತರಿಸಿದ. ಜನ ಟ್ಯಾಂಕುಗಳನ್ನು ಹತ್ತಿ ಇಳಿದು ಮುಂದೆ ಹೋದರು. ಚೌಕದಲ್ಲಿ ಬೇರೆ ಪಡೆ ಕಾದಿತ್ತು, ಅದು ಗುಂಡು ಹಾರಿಸಿತು. ಸತ್ತವರು 26 ಮಂದಿ. ಹೆಣಗಳನ್ನು ಮನೆಯವರಿಗೆ ಕೊಡದೆ ದೂರದ ಊರುಗಳ ಸ್ಮಶಾನಗಳಲ್ಲಿ ಗುಟ್ಟಾಗಿ ಹೂತರು. ಇನ್ನೂ ಏಳು ಮಂದಿಗೆ ನ್ಯಾಯಾಲಯ ಮರಣದಂಡನೆ ಕೊಟ್ಟಿತು. ಪತ್ರಿಕೆಗಳಲ್ಲಿ ಒಂದಕ್ಷರ ಬರಲಿಲ್ಲ. ಶಪೋಷ್ನಿಕೊವ್‌ನನ್ನು ಮುಂದೆ ಪಕ್ಷದಿಂದ ಹೊರಹಾಕಿದರು. ಕಾರ್ಮಿಕರ ರಾಜ್ಯದಲ್ಲಿ, ಕಾರ್ಮಿಕರು, ಲೆನಿನ್ ಚಿತ್ರ ಹಿಡಿದು ಸತ್ತರು. ಇದನ್ನು ತಿಳಿದ ಮೇಲೆ ಆ ರಾಜ್ಯದ ಬುಡ ಗಟ್ಟಿಯಾಗಿತ್ತು ಎಂದು ನನ್ನಿಂದ ನಂಬಲಾಗಲಿಲ್ಲ.

ಈಗ ನಿನ್ನ ಗೋರ್ಬಚೇವ್. ತೈಲದ ಬೆಲೆ ಕುಸಿದದ್ದು, ಅಫ್ಘಾನಿಸ್ತಾನದ ಯುದ್ಧ, ಅಂಗಡಿಗಳ ಮುಂದಿನ ಸರದಿ ಸಾಲು, ಎಲ್ಲವೂ ನಿಜವಾದ ಕಾರಣಗಳೇ. ಆದರೆ 1989ರಲ್ಲಿ ಜನಪ್ರತಿನಿಧಿಗಳ ಮಹಾಸಭೆಯ ಕಲಾಪ ಟಿವಿಯಲ್ಲಿ ನೇರ ಪ್ರಸಾರವಾದಾಗ, ಭಿನ್ನಮತದ ವಿಜ್ಞಾನಿ ಸಖರೋವ್‌ನಂಥವರು ಆಳುವವರ ಎದುರಿಗೇ ನಿಂತು ಮಾತನಾಡಿದ್ದನ್ನು ದೇಶವೆಲ್ಲ ಕಂಡಿತು. ಎಪ್ಪತ್ತು ವರ್ಷ ಬೀಗ ಹಾಕಿದ್ದ ಬಾಗಿಲು ತೆರೆದದ್ದು ಹೀಗೆ. ‘ಗಟ್ಟಿಯಾಗಿ ನಿಲ್ಲುವುದು’ ಎಂದರೆ ಇನ್ನೇನು ಮಾಡಬೇಕಿತ್ತು? ಅದನ್ನೂ ಮಾಡಿ ನೋಡಿದರಲ್ಲ. 1991ರ ಜನವರಿ 13ರಂದು, ಒಕ್ಕೂಟದಿಂದ ಹೊರಬರಲು ಹೊರಟಿದ್ದ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಟಿವಿ ಗೋಪುರ ಕಾಯುತ್ತಿದ್ದ ನಿರಾಯುಧ ಜನರ ಮೇಲೆ ಸೈನ್ಯ ನುಗ್ಗಿತು, 14 ಮಂದಿ ಸತ್ತರು. ಜನ ಹೆದರಲಿಲ್ಲ. ಮುಂದಿನ ತಿಂಗಳ ಜನಮತದಲ್ಲಿ ಮತ ಹಾಕಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯ ಬೇಕೆಂದರು.

ಆಗಸ್ಟಿನಲ್ಲಿ ಗೋರ್ಬಚೇವ್‌ನನ್ನು ಬದಿಗೊತ್ತಿ ಅಧಿಕಾರ ಹಿಡಿಯಲು ಪಕ್ಷದ ಹಳಬರು ಮಾಸ್ಕೋಗೆ ಟ್ಯಾಂಕು ಕರೆಸಿದಾಗ ಮೂವರು ಯುವಕರು ಪ್ರಾಣ ಕಳೆದುಕೊಂಡರು, ಆದರೆ ಸಂಸತ್ ಭವನದ ಮೇಲೆ ದಾಳಿ ಮಾಡಲು ಕೆಜಿಬಿಯ ವಿಶೇಷ ಪಡೆಯಾದ ಆಲ್ಫಾದವರು ಒಪ್ಪಲಿಲ್ಲ. ಶಪೋಷ್ನಿಕೊವ್ ಸೇತುವೆಯ ಮೇಲೆ ಒಬ್ಬನೇ ಮಾಡಿದ್ದನ್ನು ಈಗ ಹಲವರು ಮಾಡಿದರು. ಮೂರು ದಿನದಲ್ಲಿ ಆ ಸಂಚು ಮುರಿದುಬಿತ್ತು. ಡಿಸೆಂಬರ್ 25ರಂದು ಗೋರ್ಬಚೇವ್ ರಾಜೀನಾಮೆ ಕೊಟ್ಟ, ಕ್ರೆಮ್ಲಿನ್ ಮೇಲಿನ ಕೆಂಪು ಬಾವುಟ ಇಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ನಾನು ನಿನಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆಗಸ್ಟಿನಲ್ಲಿ ಅದೇ ಸಂಸತ್ ಭವನದ ಮುಂದೆ ಟ್ಯಾಂಕು ಹತ್ತಿ ಭಾಷಣ ಮಾಡಿದ್ದ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್, 1993ರ ಸೆಪ್ಟೆಂಬರಿನಲ್ಲಿ ತನಗೆ ಎದುರಾದ ಸಂಸತ್ತನ್ನು ಒಂದು ಆದೇಶದಿಂದ ವಿಸರ್ಜಿಸಿದ. ಸದಸ್ಯರು ಕದಲದಿದ್ದಾಗ ಅಕ್ಟೋಬರ್ 4ರಂದು ಅದೇ ಕಟ್ಟಡಕ್ಕೆ ಟ್ಯಾಂಕಿನಿಂದ ಗುಂಡು ಹೊಡೆಸಿದ. ಒಳಗಿದ್ದವರಲ್ಲಿಯೂ ಬಂದೂಕು ಹಿಡಿದವರಿದ್ದರು, ಅದೂ ನಿಜ. ಆದರೂ ಆ ಡಿಸೆಂಬರಿನಲ್ಲಿ ಬಂದ ಹೊಸ ಸಂವಿಧಾನ ಅಧ್ಯಕ್ಷನ ಕೈಗೆ ಅಪಾರ ಅಧಿಕಾರ ಕೊಟ್ಟಿತು, ಶಾಸನಸಭೆಗೆ ಸಿಕ್ಕಿದ್ದು ಹಳೆಯ ಡೂಮಾ ಎಂಬ ಹೆಸರು ಮತ್ತು ತೆಳುವಾದ ಬಲ. ನನ್ನ ಪ್ರಕಾರ ಇಂದಿನ ರಷ್ಯಾದ ಕಥೆ ಶುರುವಾಗುವುದು 1993ರ ಆ ದಿನದಿಂದ. ನೀನು ಅದನ್ನು ಎಲ್ಲಿಂದ ಶುರುಮಾಡುತ್ತೀಯ, ಬರೆ.

ನಿನ್ನ ಪ್ರೀತಿಯ ಗೆಳೆಯ